ನಮ್ಮನೆಯ ಎರಡನೇ ಒಲೆ

"ಇನ್ನು ನೀನು ಮನೆಗೆ ಹೋಗ್ಬಹುದಮ್ಮ. ಸೂಜಿ, ಮಾತ್ರೆ ಎಲ್ಲಾ ನಿನ್ನ ಮನೆ ಬಾಗಿಲಿಗೇ ಬರುತ್ತೆ" ಅಂತ ಡಾಕ್ಟರು ಹೇಳಿದ್ರೆ ಯಾರಾದ್ರೂ ಬೇಡ ಅಂತಾರಾ? ನಾನು ಅಂದೆ. ಕೈಮುಗಿದು ಅಂದೆ. "ಸ್ವಾಮಿ, ಮಂಚ ಬೇರೆಯೋರಿಗೆ ಬೇಕಾದ್ರೆ ಕೊಟ್ಬುಡಿ, ನಾನು ನೆಲದ ಮ್ಯಾಲೆ ಬಿದ್ದಿರ್ತೀನಿ. ಅಟ್ಟಿಗೆ ಮಾತ್ರ ಕಳಿಸ್ಬ್ಯಾಡಿ." ಡಾಕ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. "ಮನೇಲಿ ಹೊಡೀತಾರೇನಮ್ಮ?" "ಇಲ್ಲ ಸ್ವಾಮಿ." "ಊಟ ಹಾಕಲ್ವಾ?" "ಆಕ್ತಾರೆ." "ಮತ್ತಿನ್ನೇನು ನಿನ್ನ ಕಷ್ಟ?" ನನ್ನ ಓರಗಿತ್ತಿ ಮಾಡೋ ಸಾರು ನಂದಕ್ಕಿಂತ ಚೆನ್ನಾಗಿರುತ್ತೆ ಅಂತ ಯಾವ ಡಾಕ್ಟರ ಮುಂದೆ ಹೇಳೋದು?

ಅರಸರ ಕಾಲ ಮುಗಿದು ಕೆಲವು ವರ್ಷ ಆಗಿತ್ತು ಅಷ್ಟೆ. ನಾನು ಉಮ್ಮತ್ತೂರಿನ ಹೆಣ್ಣು, ಹೆಸರು ದೊಡ್ಡತಾಯಿ. ಗುಂಡ್ಲುಪೇಟೆಗೆ ಕೊಟ್ಟಿದ್ರು. ನಮ್ಮನೆಯವರು, ಅಂದ್ರೆ ಗೌರಿ ಅಪ್ಪ, ಊಟಿ ರಸ್ತೆಗೆ ಜಲ್ಲಿ ಹಾಕೋ ಸರ್ಕಾರಿ ಗ್ಯಾಂಗಿನಲ್ಲಿ ಮೇಸ್ತ್ರಿ. ಅವರ ತಮ್ಮ ಇದ್ದ ತುಂಡು ಹೊಲ ನೋಡ್ಕೊಂಡು, ಉಳಿದ ದಿನ ಕಂಡವರ ಹೊಲಕ್ಕೆ ಕೂಲಿಗೆ ಹೋಗೋರು. ಆ ತಮ್ಮನ ಹೆಂಡತಿಯೇ ನನ್ನ ಓರಗಿತ್ತಿ, ಚಂದಕವಾಡಿ ರತ್ನಿ. ನಮ್ಮೆಲ್ಲರ ಮೇಲೆ ಅತ್ತೆ. ಎಲ್ಲಾ ಒಂದೇ ಸೂರು, ಒಂದೇ ಒಲೆ. ಆ ಒಲೆ ಮುಂದೆ ಕೂರೋಳು ನಾನು. ದೊಡ್ಡ ಸೊಸೆ ಅಂದ್ರೆ ಹಾಗೇ. ರತ್ನಿ ನೀರು ಹೊರೋಳು, ಬೀಸೋಳು, ಸೊಪ್ಪು ಬಿಡಿಸಿ ಕೊಡೋಳು. ಮುದ್ದೆ ತಿರುವೋ ಹಿಟ್ಟಿನ ಕೋಲು ಮಾತ್ರ ನನ್ನ ಕೈಲಿ.

ಕೆಮ್ಮು ಶುರುವಾದಾಗ ಒಲೆ ಹೊಗೆ ಅಂದ್ರು. ಮೈ ಇಳಿದಾಗ ಯಾರೋ ಕಣ್ಣು ಹಾಕಿದ್ರು ಅಂದ್ರು. ಒಂದಿನ ರಾಗಿ ಕುಟ್ತಾ ಇದ್ದಾಗ ಕೆಮ್ಮಿದೆ, ಅಂಗೈಲಿ ರಕ್ತ. ಅತ್ತೆ ನೋಡಿಬಿಟ್ರು. ಮಾರನೇ ದಿನ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಚಾಮರಾಜನಗರದ ಆಸ್ಪತ್ರೆಗೆ ಹೋದ್ವಿ. ಅಲ್ಲಿ ಉದ್ದನೇ ಬೆಂಚು. ಅದರ ಮೇಲೆ ಕೂತವರೆಲ್ಲಾ ಸೆರಗಿನಲ್ಲೋ ಟವಲಿನಲ್ಲೋ ಬಾಯಿ ಮುಚ್ಕೊಂಡು ಕೆಮ್ಮೋರು. ಒಬ್ಬರು ಕೆಮ್ಮಿದ್ರೆ ಇನ್ನೊಬ್ಬರಿಗೆ ಬರೋದು. ಗೌರಿ ಅಪ್ಪ ಎದ್ದು ಬಾಗಿಲ ಹತ್ರ ನಿಂತ್ಕೊಂಡ್ರು, ಕೂತವರ ಜೊತೆ ತಮ್ಮನ್ನೂ ಸೇರಿಸ್ಬಿಟ್ಟಾರು ಅಂತ. ನನ್ನ ಎದೆ ಚಿತ್ರ ತೆಗೆದು ಕಿಟಕಿ ಬೆಳಕಿಗೆ ಹಿಡಿದು, ಅದು ಕ್ಷಯ ಅಂತ ಡಾಕ್ಟರು ಹೇಳಿದ್ದೂ ಅವರಿಗೇ. ಎದೆ ನಂದು, ಮಾತು ಅವರ ಜೊತೆ. ಅವರು ಹೂಂ ಹೂಂ ಅಂತ ತಲೆ ಆಡಿಸ್ತಾ, ಕೈಲಿದ್ದ ಟವಲನ್ನ ಹಿಂಡ್ತಾ ಇದ್ರು, ಒಣಗಿದ ಟವಲು.

ಆಸ್ಪತ್ರೆ ನರಕ ಅಂತ ಎಲ್ಲಾ ಹೇಳ್ತಾರೆ. ನಂಗೆ ಹಾಗನ್ನಿಸಲಿಲ್ಲ. ಹೆಂಗಸರ ವಾರ್ಡಿನಲ್ಲಿ ಎಲ್ಲರಿಗೂ ಅದೇ ಕೆಮ್ಮು, ಎಲ್ಲರಿಗೂ ಉಗುಳೋಕೆ ಅದೇ ಮುಚ್ಚಳದ ಮಗ್ಗು. ಯಾರನ್ನ ಕಂಡು ಯಾರೂ ದೂರ ಸರಿಯೋ ಹಾಗಿರಲಿಲ್ಲ. ಒಬ್ಬಳು ಆಯಾ ಇದ್ಲು, ಬಾಯಿ ಜೋರು, ದಿನಾ ಬೈತಾ ಬೈತಾನೇ ನನ್ನ ತಲೆ ಬಾಚಿ ಜಡೆ ಹಾಕೋಳು. ಪಕ್ಕದ ಮಂಚದಲ್ಲಿ ನಮ್ಮ ಗುಂಡ್ಲುಪೇಟೆ ಹತ್ರದ ಮದ್ದೂರಿನ ನಂಜಿ. ಕಾಡಿನಂಚಿನ ಹೆಣ್ಣು, ಆನೆ ಕಂಡ್ರೂ ಹೆದರದೋಳು. ಸೂಜಿ ಚುಚ್ಚೋಕೆ ಬಂದ್ರೆ "ಸೊಳ್ಳೆ ಕಚ್ಚಿದ್ರೆ ಇದಕ್ಕಿಂತ ನೋಯ್ತದೆ" ಅಂತ ಕೂತ ನರ್ಸನ್ನೂ ನಿಂತ ನರ್ಸನ್ನೂ ಆಡಿಕೊಂಡು ನಗೋಳು. ಅವಳ ಜೊತೆ ಮಾತಾಡ್ತಾ ಮಾತಾಡ್ತಾ ನಂಗೆ ಸಾವು ಅನ್ನೋದು ಒಂದೊಂದು ದಿನ ಮರೆತೇ ಹೋಗೋದು.

ಹಾಳು ಮಾಡಿದ್ದು ಬುತ್ತಿ. ರಜೆ ಸಿಕ್ಕಿದಾಗಲೆಲ್ಲಾ ಗೌರಿ ಅಪ್ಪ ಹಿಟ್ಟು, ಉಪ್ಸಾರು ಕಟ್ಟಿಸ್ಕೊಂಡು ಬಸ್ಸು ಹತ್ತಿ ಬರೋರು. ಮೊದಲ ಸಲ ಬಿಚ್ಚಿದಾಗ ಘಮ ಇಡೀ ವಾರ್ಡಿಗೆ ಹೋಯ್ತು. ನಂಜಿ ಬೆರಳಲ್ಲಿ ಖಾರ ನೆಕ್ಕಿ ನೋಡಿ, "ಅಯ್ಯಯ್ಯೋ, ಯಾರಮ್ಮಿ ಮಾಡಿದ್ದು? ಇದ್ನ ತಿಂದ್ರೆ ಸತ್ತೋರು ಎದ್ದು ಕೂರ್ತಾರೆ!" ಅಂದ್ಲು. ಗೌರಿ ಅಪ್ಪ ಹಲ್ಲು ಬಿಟ್ಕೊಂಡು, "ನಮ್ಮ ರತ್ನಿ ಮಾಡಿದ್ದು. ನಮ್ಗೂ ಇಷ್ಟು ದಿನ ಗೊತ್ತಿರ್ನಿಲ್ಲ, ಅವ್ಳ ಕೈ ರುಚಿ ಇಂಗದೆ ಅಂತ" ಅಂದ್ರು. ಇಷ್ಟು ದಿನ! ನಾನು ಬೇಯಿಸಿ ಹಾಕಿದ ಅಷ್ಟು ವರ್ಷಕ್ಕೆ ಅವರಿಟ್ಟ ಹೆಸರು ಅದು. ನಂಗೆ ಹೊಟ್ಟೆ ಒಳಗೆ ಬೆಂಕಿ ಬಿತ್ತು. "ಉಪ್ಪು ಜಾಸ್ತಿ ಆಗದೆ" ಅಂತ ಡಬ್ಬಿ ಪಕ್ಕಕ್ಕೆ ತಳ್ಳಿದೆ. ನಂಜಿ ಅಷ್ಟನ್ನೂ ಒರೆಸ್ಕೊಂಡು ತಿಂದ್ಲು.

ಆಮೇಲೆ ಪ್ರತಿ ಸಲವೂ ರತ್ನಿ ಪುರಾಣ. ರತ್ನಿ ಒಲೆ ಸಾರಿಸಿ ಹೊಸದು ಮಾಡಿದ್ಲು. ರತ್ನಿ ಗೌರಿಗೆ ಎರಡು ಜಡೆ ಹಾಕ್ತಾಳೆ. ಗೌರಿ ನನ್ನ ಮಗಳು, ಆಗ ಐದೋ ಆರೋ ವರ್ಷ. "ಕೂಸು ನಿನ್ನ ಕೇಳಿ ಅಳೋದು ಬಿಟ್ಬುಡ್ತು, ನೀನು ಚಿಂತೆ ಮಾಡ್ಬ್ಯಾಡ" ಅಂದ್ರು ಒಂದು ದಿನ, ನಂಗೆ ಸಮಾಧಾನ ಆಗ್ಲಿ ಅಂತ. ಗಂಡಸರು ಸಮಾಧಾನ ಹೇಳೋದು ಯಾರ ಹತ್ರ ಕಲೀತಾರೋ ನಾ ಕಾಣೆ.

ಡಾಕ್ಟರು ಮನೆಗೆ ಹೋಗು ಅಂದಿದ್ದು ಇಂಥಾ ಹೊತ್ತಿನಲ್ಲಿ. ಮಂಚ ಕಮ್ಮಿ, ಕಾಯಿಲೆಯೋರು ಜಾಸ್ತಿ, ನಿನ್ನ ಕೆಟ್ಟ ಕಾಲ ಕಳೀತು, ಮಿಕ್ಕ ಸೂಜಿಗೆ ಗುಂಡ್ಲುಪೇಟೆಯ ನರ್ಸಮ್ಮ ಮನೆಗೇ ಬರ್ತಾರೆ ಅಂದ್ರು. ಇಡೀ ವಾರ್ಡು ನನ್ನ ಕಂಡು ಕರುಬಿತು. "ನಿನ್ನ ಪುಣ್ಯ ಕಣಕ್ಕ" ಅಂತ ನಂಜಿ ನನ್ನ ಗಂಟು ಕಟ್ಟಿಕೊಟ್ಲು. ನಾನು ಅಳ್ತಾ ಬಸ್ಸು ಹತ್ತಿದ್ದು ತಮ್ಮನ್ನ ಬಿಟ್ಟುಹೋಗೋ ದುಃಖಕ್ಕೆ ಅಂತ ಎಲ್ಲಾ ಅಂದ್ಕೊಂಡ್ರು.

ಮನೇಲಿ ನಂಗೆ ಜಾಗ ಮಾಡಿದ್ದು ರಾಗಿ ಮೂಟೆ ಇಡೋ ಕೋಣೇಲಿ. ಒಂದು ಕಡೆ ಹಿತ್ತಿಲಿಗೆ ಕಿಟಕಿ, ಇನ್ನೊಂದು ಕಡೆ ಬಾಗಿಲು, ಬಾಗಿಲಿಗೆ ನೇರ ಅಡುಗೆ ಒಲೆ. "ಎಲ್ಲಾ ಕಾಣ್ತದೆ, ನಿಂಗೆ ಬ್ಯಾಸರ ಆಗಲ್ಲ" ಅಂದ್ರು ಗೌರಿ ಅಪ್ಪ. ಕಾಣ್ತಿತ್ತು, ಹೌದು. ಬೆಳಗಾದ್ರೆ ರತ್ನಿ ನನ್ನ ಮಣೆ ಮೇಲೆ ಕೂತು ನನ್ನ ಒಲೆಗೆ ಸೌದೆ ಇಡೋಳು. ಹಿಟ್ಟಿನ ಕೋಲು ತಿರುವೋವಾಗ ಅವಳ ಬಳೆ ಸದ್ದು. ಅತ್ತೆ "ಇನ್ನೊಂದು ಸೌಟು ಸಾರು ಬುಡಮ್ಮಿ" ಅನ್ನೋ ಸದ್ದು. ನಾನಿದ್ದಾಗ ಅತ್ತೆ ಎರಡನೇ ಸಲ ಹಾಕಿಸ್ಕೊಂಡಿದ್ದೇ ನಂಗೆ ನೆನಪಿಲ್ಲ. ಮಲಗಿದಲ್ಲೇ ಒಂದು ಕಂಡುಹಿಡಿದೆ: ಬೆಳ್ಳುಳ್ಳಿನ ಹಸಿ ಹಸಿ ಅರೀತಿರಲಿಲ್ಲ ಅವಳು, ಕೆಂಡದಲ್ಲಿ ಹೂತು ಸುಟ್ಟು, ಆಮೇಲೆ ಖಾರಕ್ಕೆ ಹಾಕೋಳು. ಕಳ್ಳಿ, ಇದಾ ನಿನ್ನ ವಿದ್ಯೆ ಅಂದ್ಕೊಂಡೆ.

ಕೂಸನ್ನ ಹತ್ರ ಸೇರಿಸ್ಬೇಡಿ ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ರು. ರತ್ನಿ ಗೌರಿನ ಹೊಸ್ತಿಲ ಆಚೆ ನಿಲ್ಲಿಸಿ, "ಅವ್ವುಂಗೆ ಕೈಮುಗಿ" ಅನ್ನೋಳು. ಕೂಸು ಗುಡಿ ಮುಂದೆ ನಿಂತಂಗೆ ಕೈಮುಗಿದು ಓಡಿಹೋಗೋದು. ಒಂದಿನ ಪಕ್ಕದ ಮನೆಯೋಳು ಒಳಗೆ ಯಾರು ಮಲಗಿರೋದು ಅಂತ ಕೇಳಿದ್ದಕ್ಕೆ ಗೌರಿ, "ಅದು ಆಸ್ಪತ್ರೆ ಅವ್ವ" ಅಂತು. "ಮತ್ತೆ ರತ್ನಿ?" "ಅದು ಅಟ್ಟಿ ಅವ್ವ." ನಾನು ಕಂಬಳಿ ಬಾಯಿಗೆ ತುರುಕ್ಕೊಂಡು ಬಿಕ್ಕಿದೆ. ಅತ್ರೆ ಕೆಮ್ಮು ಬರುತ್ತೆ, ಕೆಮ್ಮಿದ್ರೆ ಅವಳೇ ನೀರು ಹಿಡ್ಕೊಂಡು ಓಡಿಬರ್ತಾಳೆ ಅನ್ನೋ ಭಯ ಬೇರೆ.

ನರ್ಸಮ್ಮ ಬಂದ್ರು. ಏಲಿಯಮ್ಮ ಅಂತ, ಬತ್ತೇರಿ ಕಡೆಯ ಮಲೆಯಾಳಿ ಹೆಂಗಸು, ಕೈಲಿ ತಗಡಿನ ಪೆಟ್ಟಿಗೆ. "ಸೂಜಿ ಬೇಯಿಸ್ಬೇಕು, ಒಲೆ ಎಲ್ಲಿ?" ಅಂದ್ರು. ಅಲ್ಲಿಗೆ ಎಲ್ಲಾ ನಿಂತಿತು. ಅತ್ತೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, "ಕ್ಷಯದೋರಿಗೆ ಚುಚ್ಚೋ ಸೂಜೀನ ನಾವು ಉಣ್ಣೋ ಒಲೆ ಮ್ಯಾಲೆ ಬೇಯಿಸ್ತೀಯಾ? ಸುತಾರಾಂ ಆಗಕ್ಕಿಲ್ಲ" ಅಂದ್ರು. ನರ್ಸಮ್ಮ ಬಚ್ಚಲಿಗೆ ಹೋಗಿ ನೋಡಿದ್ರು. ಅಲ್ಲಿ ನೀರಿನ ಹಂಡೆ ಮಣ್ಣಲ್ಲಿ ಹೂತು ಮೆತ್ತಿತ್ತು, ಇನ್ನೊಂದು ಪಾತ್ರೆ ಇಡೋ ಹಾಗಿರಲಿಲ್ಲ. "ಸ್ಪಿರಿಟ್ ಸ್ಟೌ ಕೇಳಿದ್ದೇನೆ, ಇನ್ನೂ ಬಂದಿಲ್ಲ" ಅಂತ ಗೊಣಗಿ, "ಸರಿ ಹಾಗಾದ್ರೆ ಇವಳಿಗೇ ಒಂದು ಬೇರೆ ಒಲೆ ಹೂಡಿ. ಹಿತ್ತಿಲಲ್ಲಿ ಮೂರು ಕಲ್ಲು ಸಾಕು. ಸೂಜಿನೂ ಬೇಯ್ತದೆ, ಇವಳ ಪಾತ್ರೇಲಿ ಇವಳ ಗಂಜಿನೂ ಬೇಯ್ತದೆ" ಅಂದ್ರು.

ಆ ಪುಣ್ಯಾತ್ಗಿತ್ತಿಗೆ ಏನು ಹೇಳಿದ್ದೀನಿ ಅಂತ ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಸೂರಿನಡಿ ಎರಡನೇ ಒಲೆ ಹೊತ್ತಿತು ಅಂದ್ರೆ ಅಣ್ಣತಮ್ಮಂದಿರು ಬೇರೆ ಆದ್ರು ಅಂತಲೇ. ಹೊಲ, ದನ, ಪಾತ್ರೆ ಪಾಲಾಗೋದೆಲ್ಲಾ ಅದರ ಹಿಂದೆ ಬರುತ್ತೆ. ನಮ್ಮತ್ತೆ ಕಣ್ಣ ಮುಂದೆಯೇ ಅವರ ತವರು ಹಾಗೆ ಮೂರು ಒಲೆಯಾಗಿ ಚೂರಾಗಿತ್ತು. ಅವರು ಎದೆ ಎದೆ ಬಡ್ಕೊಂಡ್ರು. "ನನ್ನ ಉಸ್ರು ಇರಗಂಟ ಈ ಅಟ್ಟೀಲಿ ಎರಡು ಒಲೆ ಉರಿಯಕ್ಕಿಲ್ಲ. ನನ್ನ ಮಕ್ಕಳನ್ನ ಬ್ಯಾರೆ ಮಾಡಕ್ಕೆ ಬಂದ್ಯಾ ನೀನು?" ನರ್ಸಮ್ಮ ಕಕ್ಕಾಬಿಕ್ಕಿ. "ಎಂದಾ ಇದು! ನಾನು ನೀರು ಕುದಿಸ್ಬೇಕು ಅಂದ್ರೆ ಇವರು ಪಾಲು ಅಂತಾರೆ" ಅಂತ ಪೆಟ್ಟಿಗೆ ಎತ್ಕೊಂಡು ಹೋದ್ರು.

ಗೌರಿ ಅಪ್ಪ ಟವಲು ಹೆಗಲಿಗೆ ಹಾಕ್ಕೊಂಡು ಆಚೆ ಹೋದ್ರು. ನಂಗೆ ಅದು ಹೊಸದಲ್ಲ. ಆದ್ರೆ ಅವತ್ತು ಸಾಯಂಕಾಲ ರತ್ನಿ ಅತ್ತೆಗೆ ಹೇಳ್ತಿದ್ದು ನನ್ನ ಕಿವಿಗೆ ಬಿತ್ತು. "ಅತ್ತೆವ್ವ, ಅಕ್ಕುಂಗೆ ಬ್ಯಾರೆ ಒಲೆ ಊಡೇಬುಡನ. ಜನ ಏನಾರ ಅಂದ್ಕಳ್ಳಿ." ನನ್ನ ಮೈಯೆಲ್ಲಾ ಉರಿದುಹೋಯ್ತು. ಆಹಾ, ಬಂತಲ್ಲ ಹೊರಕ್ಕೆ! ಮೂರು ಕಲ್ಲು ಕೊಟ್ಟು ನನ್ನ ಹಿತ್ತಿಲಿಗೆ ನೂಕೋದು, ದೊಡ್ಡ ಒಲೆ, ಮಣೆ, ಕೋಲು, ನನ್ನ ಗೌರಿ, ಎಲ್ಲಾ ತಾನಿಟ್ಕೊಳ್ಳೋದು. ಎರಡನೇ ಸಲ ನರ್ಸಮ್ಮ ಬಂದಾಗ ಅತ್ತೆಗೂ ಮೊದಲು ನಾನೇ ಬಾಯಿ ಹಾಕಿದೆ. "ನಮ್ಮತ್ತೆ ಏಳಿದ್ದೇ ಸರಿ. ಒಲೇನೂ ಬ್ಯಾಡ, ಸೂಜೀನೂ ಬ್ಯಾಡ. ಓಗಿ." ಅತ್ತೆ ನನ್ನ ಕಡೆ ಮೆಚ್ಚಿ ನೋಡಿದ್ರು. ಎಷ್ಟೋ ದಿನದ ಮೇಲೆ ಆ ಮನೇಲಿ ಯಾರೋ ನನ್ನ ಮೆಚ್ಚಿದ್ದು. ಅದರ ಖುಷೀಲಿ ಅವತ್ತು ಕೆಮ್ಮಿದಾಗ ಬಂದ ರಕ್ತಾನೂ ನಾನು ಯಾರಿಗೂ ತೋರಿಸಲಿಲ್ಲ.

ತೋರಿಸದಿದ್ರೆ ಮುಚ್ಚಿಡಕ್ಕಾಗುತ್ತಾ? ಜ್ವರ ಏರ್ತು, ಅನ್ನ ಸೇರದೇ ಹೋಯ್ತು. "ನಗರದ ಆಸ್ಪತ್ರೆಗೆ ವಾಪಸ್ ಓಗನ ನಡಿ" ಅಂತ ಗೌರಿ ಅಪ್ಪ ಕೈ ಹಿಡ್ಕೊಂಡ್ರು. ಹೋಗಿ ಕೇಳ್ಕೊಂಡೂ ಬಂದ್ರು. ನನ್ನ ಮಂಚಕ್ಕೆ ಬೇರೆ ಯಾರೋ ಬಂದಿದ್ರು, ನಂಜಿನೂ ಊರಿಗೆ ಹೋಗಿಯಾಗಿತ್ತು. ಗೌರಿ ಅಪ್ಪ ಬಾಗಿಲಲ್ಲಿ ಕೂತು ಮುಖ ಮುಚ್ಕೊಂಡು ಅತ್ತಿದ್ದನ್ನ ನಾನು ಅವತ್ತೇ ನೋಡಿದ್ದು. ನಂಗೆ ಸಾಯೋದು ಖಾತ್ರಿ ಆಯ್ತು. ಸಾಯೋ ಭಯಕ್ಕಿಂತ ನನ್ನ ಸುಟ್ಟಿದ್ದು ಏನು ಗೊತ್ತಾ? ತಿಥಿ ಅಡುಗೆನೂ ಅವಳೇ ಮಾಡ್ತಾಳೆ, ಬಂದವರೆಲ್ಲಾ ಬೆರಳು ಚೀಪ್ತಾರೆ ಅನ್ನೋದು.

ಹಿತ್ತಿಲ ಕಿಟಕೀಲಿ ಗೌರಿ ಆಡೋದು ಕಾಣ್ತಿತ್ತು. ಆ ಕಾಲದ ಹೆಣ್ಣುಮಕ್ಕಳ ಆಟ ಅಂದ್ರೆ ಅಡುಗೆ ಆಟ. ಮುಷ್ಟಿ ಗಾತ್ರದ ಮೂರು ಕಲ್ಲು, ತೆಂಗಿನ ಕರಟ, ಒಳಗಿಂದ ಒಂದು ಕೆಂಡ ಇಸ್ಕೊಂಡು ಹೋಗಿ ಪುರಲೆ ಕಡ್ಡಿ ಹಾಕಿ ಊದೋದು. ಅತ್ತೆಗೆ ಅದು ಕಂಡ್ರೆ ಎಲ್ಲಿಲ್ಲದ ಹಿಗ್ಗು. "ನಮ್ಮ ಕೂಸು ಈಗ್ಲೇ ಕಲ್ತ್ಬುಟ್ಟದೆ ಕಣಾ" ಅಂತ ದಿನಾ ಒಂದು ಚಿಟಿಕೆ ರಾಗಿ ಹಿಟ್ಟು ಕೊಡೋರು. ಒಂದು ಮಧ್ಯಾಹ್ನ ನರ್ಸಮ್ಮ ಮೂರನೇ ಸಲ ಬಂದ್ರು. ಗೌರಿ ಅಪ್ಪನೇ ಹೋಗಿ ಕೈಕಾಲು ಹಿಡಿದು ಕರ್ಕೊಂಡು ಬಂದಿದ್ರಂತೆ. ಅತ್ತೆ ಮತ್ತೆ ಅಡುಗೆಮನೆ ಬಾಗಿಲಿಗೆ ನಿಂತ್ರು. ಆಗ ಹಿತ್ತಿಲಿಂದ ರತ್ನಿ ಕೂಗಿದ್ಲು, "ನರ್ಸಮ್ಮ, ಇಲ್ಲಿ ಬನ್ನಿ. ನಿಮ್ಮ ಸೂಜಿ ಡಬ್ಬಿ ಇದ್ರ ಮ್ಯಾಲೆ ಕೂರ್ತದಾ ನೋಡಿ."

ನರ್ಸಮ್ಮ ಬಗ್ಗಿ ನೋಡಿದ್ರು. ಗೌರಿಯ ಒಲೆ ಉರೀತಾ ಇತ್ತು. ಸೂಜಿ ಡಬ್ಬಿ ಅಂಗೈಯಷ್ಟು. "ಧಾರಾಳ ಕೂರ್ತದೆ" ಅಂತ ನೀರು ಹುಯ್ದು ಇಟ್ಟೇಬಿಟ್ರು. ಅತ್ತೆ ಕಿರುಚ್ಕೊಂಡು ಓಡಿ ಬಂದ್ರು. "ಎಲಾ ಇವಳ! ಒಲೆ ಊಡ್ಬುಟ್ಟೇನಮ್ಮಿ?" ರತ್ನಿ ಎರಡೂ ಕೈ ಎತ್ತಿ ತೋರಿಸಿದ್ಲು. "ನಾ ಒಂದು ಕಲ್ಲೂ ಮುಟ್ಟಿಲ್ಲ ಅತ್ತೆವ್ವ. ಇದು ಗೌರಿ ಆಟದ ಒಲೆ. ನೀವೇ ದಿನಾ ಇಟ್ಟು ಕೊಟ್ಟು ಆಡುಸ್ತೀರಿ. ಮಕ್ಕಳ ಒಲೆ ಉರಿದ್ರೆ ಯಾವ ಅಟ್ಟಿ ಪಾಲಾಗ್ತದೆ, ನೀವೇ ಏಳಿ?" ಗೌರಿ ಪುರಲೆ ಮುರೀತಾ, ತಲೆ ಎತ್ತದೇ, "ಅಜ್ಜಿ, ಸೂಜಿ ಬೇಯ್ತಾ ಅದೆ, ಗಲಾಟೆ ಮಾಡ್ಬ್ಯಾಡ" ಅಂತು. ನರ್ಸಮ್ಮ ಗೊಳ್ಳಂತ ನಕ್ಕುಬಿಟ್ರು. ಅತ್ತೆಗೂ ತುಟಿ ತಡೀಲಿಲ್ಲ. ಸೆರಗು ಅಡ್ಡ ಹಿಡ್ಕೊಂಡು ಒಳಗೆ ಹೋದ್ರು.

ಎಲ್ಲರೂ ನಗ್ತಿದ್ರು, ನಾನು ಗೋಡೆ ಕಡೆ ತಿರುಗಿ ಮಲಗಿದೆ. ಅದನ್ನೂ ಅವಳೇ ಹುಡುಕ್ಬೇಕಿತ್ತಾ? ನಾನು ದಿನವೆಲ್ಲಾ ಆ ಕಿಟಕೀಲಿ ಆ ಒಲೆ ನೋಡ್ತಾ ಬಿದ್ದಿದ್ದೆನಲ್ಲ, ನಂಗ್ಯಾಕೆ ಹೊಳೀಲಿಲ್ಲ? ಬೇಯಿಸಿದ ಸೂಜಿ ಹಿಡ್ಕೊಂಡು ನರ್ಸಮ್ಮ ಬಂದ್ರೆ "ಬ್ಯಾಡ" ಅಂದೆ. ಗೌರಿ ಅಪ್ಪ ಬೇಡ್ಕೊಂಡ್ರು, ಬ್ಯಾಡ ಅಂದೆ. ಸತ್ತರೂ ಸೈ, ಅವಳ ಉಪಕಾರದಲ್ಲಿ ಬದುಕಲ್ಲ ಅನ್ನೋ ಹಟ.

ರತ್ನಿ ಒಳಗೆ ಬಂದ್ಲು. ಗೌರಿ ಅಪ್ಪನ್ನ, ನರ್ಸಮ್ಮನ್ನ ಒಂದು ಗಳಿಗೆ ಆಚೆ ಕಳಿಸಿದ್ಲು. ಯಾವತ್ತೂ ಹೊಸ್ತಿಲ ಹತ್ರ ನಿಂತು ತಲೆ ಬಗ್ಗಿಸಿ ಮಾತಾಡೋಳು, ಅವತ್ತು ನನ್ನ ಹಾಸಿಗೆ ಪಕ್ಕವೇ ಕುಕ್ಕರುಗಾಲಲ್ಲಿ ಕೂತ್ಲು.

"ಅಕ್ಕ, ನನ್ನ ಕಂಡ್ರೆ ನೀ ಉರ್ಕೊಂಡು ಬೀಳ್ತೀಯ ಅಂತ ನಂಗೆ ಗೊತ್ತಿಲ್ವಾ? ನಂಗೂ ಅಂಗೇಯ. ನೀ ಮಲಗಿದ್ರೂ ಈ ಅಟ್ಟೀಲಿ ಎಲ್ರಿಗೂ ನಿಂದೇ ಧ್ಯಾನ. ಉಂಡ್ಲಾ, ಕೆಮ್ಮಿದ್ಲಾ, ಕಣ್ಮುಚ್ಚಿದ್ಲಾ ಅಂತ. ನಾ ಬೆಳಗಿಂದ ಬೈಗಿನಗಂಟ ದುಡೀತೀನಿ, ಉಂಡ್ಯಾಮ್ಮಿ ಅಂತ ಕೇಳಕ್ಕೆ ಒಂದು ನರಪಿಳ್ಳೆ ಇಲ್ಲ. ಮದ್ವೆ ಆಗಿ ಇಷ್ಟು ಕಾಲ ಆಯ್ತು, ನನ್ನ ಮಡ್ಲಿಗೆ ಬಂದದ್ದು ಅಂದ್ರೆ ನಿನ್ನ ಕೂಸು ಒಂದೇಯ. ನೀ ಸತ್ರೆ ಅದು ನಂದೇ. ನಿನ್ನ ಎಸರೂ ಮರ್ತೋಗ್ತದೆ ಅದಕ್ಕೆ, ಚಿಕ್ಕದು. ಸಾಯಂಗಿದ್ರೆ ಸಾಯಿ, ನಂಗೇನು ನಷ್ಟ ಇಲ್ಲ. ಆದ್ರೂ ಒಲೆ ಉರ್ಸಿವ್ನಿ. ಆಮ್ಯಾಲೆ ನಾನು ನಿನ್ನ ಕೂಸ್ನ ತಕ್ಕಂಡೆ ಅಂತ ಯಾರೂ ಅನ್ಬಾರ್ದು."

ಅಷ್ಟು ಹೇಳಿ ಎದ್ದು ಹೋದ್ಲು. ಅವಳ ಬೆನ್ನು ಬಾಗಿಲು ದಾಟಿತೋ ಇಲ್ವೋ, ನನ್ನ ಗಂಟಲಲ್ಲಿ ಎಲ್ಲಿತ್ತೋ ಅಷ್ಟು ಶಕ್ತಿ, "ನರ್ಸಮ್ಮಾ! ತನ್ನಿ ಸೂಜೀನ!" ಅಂತ ಕಿರುಚಿದೆ.

ದೇವರು ಬದುಕಿಸಿದ, ಮದ್ದು ಬದುಕಿಸಿತು ಅಂತೆಲ್ಲಾ ಜನ ಹೇಳ್ಕೊಳ್ತಾರೆ. ನನ್ನ ಬದುಕಿಸಿದ್ದು ಹೊಟ್ಟೆಕಿಚ್ಚು. ಸೊಂಟ ಚುಚ್ಚಿ ಚುಚ್ಚಿ ಕಲ್ಲಾಯ್ತು, ಒಂದು ಮಗ್ಗುಲಿಗೆ ಮಲಗಕ್ಕಾಗ್ತಿರಲಿಲ್ಲ. ಕಿವೀಲಿ ಜೀರುಂಡೆ ಕೂತಂಗೆ ಗುಂಯ್ ಅನ್ನೋದು. ಜೊತೆಗೆ ಒಂದು ಪುಡಿ ಕೊಟ್ಟಿದ್ರು, ಮಜ್ಜಿಗೇಲಿ ಕಲಸಿ ಕುಡಿದ್ರೂ ಕರುಳು ಕಿತ್ತುಬರೋದು. ಸಾಕಪ್ಪಾ ಸಾಕು ಅನ್ನಿಸಿದಾಗ ಬಾಗಿಲ ಕಡೆ ನೋಡ್ತಿದ್ದೆ. ನನ್ನ ಮಣೆ ಮೇಲೆ ಅವಳು, ಅವಳ ತೊಡೆ ಮೇಲೆ ಗೌರಿ. ಪುಡಿ ತಂತಾನೇ ಗಂಟಲಿಗೆ ಇಳಿಯೋದು.

ನರ್ಸಮ್ಮನಿಗೂ ರತ್ನಿಗೂ ಭಾರೀ ದೋಸ್ತಿ ಬೆಳೀತು, ಅದಕ್ಕೂ ಉರಿದುಹೋದೆ. ಒಂದೇ ಸಮಾಧಾನ ಅಂದ್ರೆ ಗೌರಿ. ಸೂಜಿ ದಿನ ಬಂತು ಅಂದ್ರೆ ಬೆಳಿಗ್ಗೆಯೇ ಕಲ್ಲು ತೊಳೆದು, ಪುರಲೆ ಆಯ್ದು, ಯಾರಿಗೂ ಮುಟ್ಟಕ್ಕೆ ಬಿಡ್ತಿರಲಿಲ್ಲ. ನೀರು ಮರಳಿದ ಮೇಲೆ ಕಿಟಕಿ ಹತ್ರ ಬಂದು, "ಅವ್ವ, ಕುದೀತು" ಅನ್ನೋದು. ಆಸ್ಪತ್ರೆ ಅನ್ನೋ ಮಾತು ಯಾವತ್ತು ಉದುರಿಹೋಯ್ತು ಅಂತ ನಂಗೆ ತಿಳೀಲಿಲ್ಲ, ಬರೀ ಅವ್ವ ಉಳೀತು. ಕೊನೆಗೂ ನರ್ಸಮ್ಮನ ಸ್ಪಿರಿಟ್ ಸ್ಟೌ ಬಂದಾಗ ಗೌರಿ ಹಟ ಹಿಡಿದು ಅತ್ತು ಅದನ್ನ ಹಚ್ಚಕ್ಕೇ ಬಿಡಲಿಲ್ಲ. ನರ್ಸಮ್ಮ ಸ್ಟೌ ಪೆಟ್ಟಿಗೇಲೇ ಇಟ್ಕೊಂಡು ಆಟದ ಒಲೇಲೇ ಬೇಯಿಸಿಕೊಂಡ್ರು.

ಮತ್ತೆ ಚಾಮರಾಜನಗರದ ಆ ಬೆಂಚು. ಈ ಸಲ ಗೌರಿ ಅಪ್ಪ ನನ್ನ ಪಕ್ಕ ಕೂತ್ರು, ನನ್ನ ಕೈ ಹಿಡ್ಕೊಂಡು. ಡಾಕ್ಟರು ಈ ಸಲ ನನ್ನ ಮುಖ ನೋಡಿ ಹೇಳಿದ್ರು: "ಕಫದಲ್ಲಿ ಏನೂ ಇಲ್ಲಮ್ಮ. ಮಗೂನ ಎತ್ಕೋಬಹುದು." ಬಸ್ಸಿಳಿದು ಮನೆ ಮುಟ್ಟೋವರೆಗೆ ನಂಗೆ ಕಾಲು ನೆಲದ ಮೇಲಿರಲಿಲ್ಲ. ಅಂಗಳದಲ್ಲೇ ಕೂತು ಎರಡೂ ಕೈ ಚಾಚಿ "ಬಾ ಕೂಸೇ" ಅಂದೆ. ಗೌರಿ ಒಂದು ಹೆಜ್ಜೆ ಇಟ್ಟು ನಿಂತು, ತಿರುಗಿ ರತ್ನಿ ಮುಖ ನೋಡಿತು, ಹೋಗ್ಲಾ ಅಂತ. ರತ್ನಿ ಕಣ್ಣು ತುಂಬ್ಕೊಂಡು, "ಓಗಮ್ಮಿ, ನಿನ್ನವ್ವ ಕಣಾ" ಅಂದ್ಲು. ಆಗ ಬಂತು. ಹೆತ್ತ ಮಗಳನ್ನ ಅಪ್ಪಿಕೊಂಡಾಗಲೂ ಆ ತಿರುಗಿ ನೋಡಿದ್ದು ಮುಳ್ಳಿನ ಹಾಗೆ ಚುಚ್ತಾನೇ ಇತ್ತು.

ಮಾರನೇ ದಿನ ರತ್ನಿ ಮಣೆ ಬಿಟ್ಟು ಎದ್ದು ಹಿಟ್ಟಿನ ಕೋಲು ನನ್ನ ಕೈಗೆ ಕೊಟ್ಲು. ಸೊಪ್ಪು ಬೇಯಿಸಿದೆ. ಬೆಳ್ಳುಳ್ಳಿನ ಕೆಂಡದಲ್ಲಿ ಹೂತೆ, ಅವಳು ನೋಡದ ಹಾಗೆ. ಎಲ್ಲರೂ ಕೂತ್ರು. ಗೌರಿ ಒಂದು ತುತ್ತು ನುಂಗಿ, ಯೋಚನೆ ಮಾಡಿ, "ಚಿಕ್ಕವ್ವ ಮಾಡ್ದಂಗಿಲ್ಲ" ಅಂತು. ಗೌರಿ ಅಪ್ಪ ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದ್ರು. ರತ್ನಿ ಕೆಮ್ಮು ಬಂದವಳ ಹಾಗೆ ಸೆರಗು ಬಾಯಿಗಿಟ್ಕೊಂಡ್ಲು. ನಗ್ತಿದ್ದಾಳೆ ಅಂತ ನಂಗೆ ಗೊತ್ತು. ನಾನೂ ನಕ್ಕೆ, ನಗ್ತಾನೇ ಅವಳ ತಟ್ಟೆಗೆ ಖಾರ ಜಾಸ್ತಿ ಹಾಕಿದೆ.

ಸ್ವಲ್ಪ ದಿನ ಆದ ಮೇಲೆ ನರ್ಸಮ್ಮ ಬಂದು ಜಗಲಿ ಮೇಲೆ ಕೂತು ಬೇಜಾರಲ್ಲಿ ಹೇಳಿದ್ರು. "ಮದ್ದೂರಲ್ಲಿ ಒಬ್ಬಳಿದ್ದಾಳೆ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ, ಒಂದು ಸೂಜಿನೂ ಹಾಕಿಸ್ಕೊಂಡಿಲ್ಲ. ನಾನು ಹೋದ್ರೆ ಗೋಡೆಗೆ ತಿರುಗ್ತಾಳೆ. ಸೂಜಿ ಅಂದ್ರೆ ಹೆದರಿಕೆ ಅಂತೆ, ಪಾಪ. ನಂಜಿ ಅಂತ ಹೆಸರು."

"ಯಾರು, ನಂಜಿ? ಸೂಜಿಗೆ ಎದ್ರೋಳಾ?" ಅಂದೆ. "ನಾನೂ ಬತ್ತೀನಿ ನಡೀರಿ."

ರತ್ನಿ ಬುತ್ತಿ ಕಟ್ಟಿಕೊಟ್ಲು. ಮದ್ದೂರಲ್ಲಿ ಬಸ್ಸಿಳಿದು ನಂಜಿ ಮನೆ ಹುಡುಕ್ಕೊಂಡು ಹೋದ್ವಿ. ನಂಜಿ ಚಾಪೆ ಮೇಲೆ ಕಡ್ಡಿಯಾಗಿ ಬಿದ್ದಿದ್ಲು. ನನ್ನ ನೋಡಿ ಕಣ್ಣು ಅರಳಿತು, ನರ್ಸಮ್ಮನ ಪೆಟ್ಟಿಗೆ ನೋಡಿ ಮುಚ್ಚಿತು. ನಾನು ಮನೆ ಸುತ್ತ ಕಣ್ಣಾಡಿಸಿದೆ. ಒಲೆ ಮುಂದೆ ನಂಜಿ ತಂಗಿ ಕೂತಿದ್ಲು, ಮೈಕೈ ತುಂಬ್ಕೊಂಡ ಹುಡುಗಿ. ಅಕ್ಕನ್ನ ನೋಡ್ಕೊಳ್ಳಕ್ಕೆ ಅಂತ ಬಂದಿದ್ದಳಂತೆ. ನಂಜಿ ಗಂಡ ಉಣ್ತಾ ಕೂತಿದ್ದ. ತಟ್ಟೆ ಚಾಚಿದ, ತಂಗಿ ಕೇಳದೇ ಸೌಟು ಬಗ್ಗಿಸಿದ್ಲು. ನಂಗೆ ಅಷ್ಟು ಸಾಕಾಯ್ತು. ಚಾಪೆ ಪಕ್ಕ ಕೂತು ನಂಜಿ ಕಿವೀಲಿ ಕೇಳಿದೆ.

"ಅವಳ ಸಾರು ನಿಂದಕ್ಕಿಂತ ಚೆನ್ನಾಗದಾ?"

ನಂಜಿ ನನ್ನ ಮುಖಾನೇ ನೋಡಿದ್ಲು. ಆನೆಗೆ ಹೆದರದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತುಬಿಟ್ಲು. "ಊಂ ಕಣಕ್ಕ. ಎಲ್ರೂ ಎರಡೆರಡು ಸಲ ಆಕುಸ್ಕೊಂಡು ಉಣ್ತಾರೆ."

"ನಮ್ಮಟ್ಟೀಲೂ ಅಂಗೇಯ" ಅಂದೆ. "ನಾ ವಾಸಿಯಾದ ಮ್ಯಾಲೂ ಅಂಗೇಯ. ಈಗ ತಂದಿರೋ ಬುತ್ತೀನೂ ಅವಳದೇ."

"ಮತ್ಯಾಕಕ್ಕ ಬದುಕ್ದೆ?"

"ಬುಟ್ಕೊಡಕ್ಕೆ ಮನಸ್ಸು ಬರ್ನಿಲ್ಲ ಕಣಮ್ಮಿ."

ನಂಜಿ ಸೆರಗಲ್ಲಿ ಮೂಗು ಒರೆಸ್ಕೊಂಡ್ಲು. ಮೊಣಕೈ ಊರಿ ಸ್ವಲ್ಪ ಎದ್ದು, ಒಲೆ ಮುಂದಿದ್ದ ತಂಗೀನ ಬಹಳ ಹೊತ್ತು ದಿಟ್ಟಿಸಿ ನೋಡಿದ್ಲು. ಆಮೇಲೆ ಗಂಟಲು ಸರಿಮಾಡ್ಕೊಂಡು ಕೂಗಿದ್ಲು, "ನರ್ಸಮ್ಮಾ, ಸೂಜಿ ಬೇಯಕ್ಕೆ ಇಡಿ."